ಒಂದು ತೊಗಟೆ, ಐದು ಫಲಕ: ಸಾವಯವ ವಸ್ತುಗಳಲ್ಲಿ ಎರಕದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಒಂದು ಸಣ್ಣ ಶಿಲ್ಪಶಾಲೆಗೆ ಬಂದ ಕೆಲಸ ಇದು. ಬಿದ್ದುಹೋದ ಹಳೆಯ ಮರವೊಂದರ ತೊಗಟೆಯ ತುಂಡು, ಸುಮಾರು 60 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ. ಅದರ ಮೇಲ್ಮೈಯನ್ನು ಇದ್ದ ಹಾಗೆ ಹಿಡಿದು ಐದು ಗೋಡೆ ಫಲಕಗಳನ್ನು ಮಾಡಿಕೊಡಬೇಕಿತ್ತು. ಷರತ್ತು ಮೂರು. ಮೂಲ ತೊಗಟೆಗೆ ಏನೂ ಆಗಬಾರದು, ಅದು ಕೊಟ್ಟವರಿಗೆ ಹಿಂತಿರುಗಬೇಕು. ಒಂದೊಂದು ಫಲಕವೂ 1 ಕೆ.ಜಿ.ಯೊಳಗೆ ಇರಬೇಕು. ಸಿಲಿಕೋನ್ ರಬ್ಬರ್, ಪಾಲಿಯೆಸ್ಟರ್ ರೆಸಿನ್, ಫೈಬರ್‌ಗ್ಲಾಸ್ ಯಾವುದೂ ಬೇಡ, ‘ಎಲ್ಲವೂ ಸಾವಯವ’ವಾಗಿರಬೇಕು.

ಮೂರನೆಯ ಷರತ್ತು ಇಲ್ಲದಿದ್ದರೆ ಇದು ಎರಕದವರಿಗೆ ದಿನನಿತ್ಯದ ಕೆಲಸ. ಸಿಲಿಕೋನ್ ಬಳಿದು, ಹಿಂದೆ ಗಟ್ಟಿ ಚಿಪ್ಪು ಕೊಟ್ಟು, ಅದೇ ಅಚ್ಚಿನಲ್ಲಿ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಸಿಲಿಕೋನಿನಲ್ಲಿ ನೀರಿಲ್ಲ, ರೆಸಿನ್ನಿನಲ್ಲೂ ಇಲ್ಲ. ಹಾಗಾಗಿ ಅಚ್ಚೂ ಪ್ರತಿಯೂ ಅಳತೆಯಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತವೆ. ಸಾವಯವ ವಸ್ತುಗಳ ಕಥೆ ಬೇರೆ. ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಮತ್ತು ಅಗರ್, ಪ್ರಾಣಿಗಳ ತೊಗಲು ಮೂಳೆಗಳಿಂದ ಬರುವ ಜೆಲಟಿನ್, ಗಂಜಿ, ಕಾಗದದ ತಿರುಳು ಎಲ್ಲವೂ ನೀರನ್ನು ಹೊತ್ತುಕೊಂಡೇ ಬರುತ್ತವೆ. ಆ ನೀರು ಎಂದಾದರೂ ಹೊರಗೆ ಹೋಗಲೇಬೇಕು, ಹೋಗುವಾಗ ಆಕಾರವನ್ನು ಎಳೆದುಕೊಂಡೇ ಹೋಗುತ್ತದೆ. ಈ ಪ್ರಕರಣದ ಪ್ರತಿಯೊಂದು ಸೋಲೂ ಪ್ರತಿಯೊಂದು ತಿರುವೂ ಈ ಒಂದು ಸಂಗತಿಗೇ ಬಂದು ಸೇರುತ್ತದೆ.

ಕೆಲಸಕ್ಕೆ ಇದ್ದವರು ಒಬ್ಬ ಶಿಲ್ಪಿ, ಇಬ್ಬರು ಸಹಾಯಕರು. ಜೇಡಿಮಣ್ಣು, ಪ್ಲಾಸ್ಟರ್, ಲೋಹದ ಎರಕಕ್ಕೆ ಬೇಕಾಗುವ ಮೇಣದ ಕೆಲಸ ಮೂವರಿಗೂ ಚೆನ್ನಾಗಿ ಗೊತ್ತಿತ್ತು. ಜೈವಿಕ ಪ್ಲಾಸ್ಟಿಕ್ (ಜೆಲಟಿನ್, ಗಂಜಿಯಂಥ ವಸ್ತುಗಳಿಂದ ಮಾಡುವಂಥದ್ದು) ಮತ್ತು ಕಾಗದದ ಎರಕ ಹೊಸದು. ಅವರ ಗುರುತು, ಕೆಲಸ ಕೊಟ್ಟವರ ಗುರುತು, ಫಲಕಗಳಿರುವ ಜಾಗ ಇವನ್ನು ಬೇಕೆಂದೇ ಬಿಟ್ಟಿದೆ.

ತೊಗಟೆಯ ಬಗ್ಗೆ ಎರಡು ಮಾತು ಅಗತ್ಯ. ಅದರ ಬಿರುಕುಗಳು ಕೆಲವೆಡೆ 2 ಸೆಂ.ಮೀ.ವರೆಗೆ ಆಳ. ಹಲವು ಬಿರುಕುಗಳ ಬಾಯಿ ಕಿರಿದು, ಒಳಗೆ ಅಗಲ; ಅಂದರೆ ಅಂಡರ್‌ಕಟ್. ಅಂಥ ಕಡೆ ಗಟ್ಟಿ ಅಚ್ಚು ಹೊರಗೆ ಬರುವುದೇ ಇಲ್ಲ, ಬಗ್ಗುವ ಅಚ್ಚೇ ಬೇಕು. ಮೇಲ್ಪದರದ ಚಕ್ಕೆಗಳು ಸಡಿಲವಾಗಿದ್ದವು, ಕೈ ಆಡಿಸಿದರೆ ಉದುರುತ್ತಿದ್ದವು.

ಮೊದಲ ಯೋಜನೆ

ಶಿಲ್ಪಿ ಮೊದಲು ನೋಡಿದ್ದು ಜೆಲಟಿನ್ ಅಚ್ಚನ್ನು. ಸಿಲಿಕೋನ್ ಬರುವುದಕ್ಕೆ ಎಷ್ಟೋ ಮುಂಚಿನಿಂದ ಪ್ಲಾಸ್ಟರ್ ಪ್ರತಿಗಳಿಗೆ ಬಳಸುತ್ತಿದ್ದ ಪದ್ಧತಿ ಅದು. ಮೂಲದ ಮೇಲೆ ನೇರ ಹಾಕದೆ, ಉದುರಿದ ಅಂಗೈಯಗಲದ ಚಕ್ಕೆಯೊಂದರ ಮೇಲೆ ಪರೀಕ್ಷೆ ಮಾಡಿದರು. ಅದು ಒಳ್ಳೆಯದೇ ಆಯಿತು. ಬಿಸಿ ಜೆಲಟಿನ್ ತೊಗಟೆಯ ರಂಧ್ರಗಳಿಗೆ ಇಳಿದು ಅಂಟಿಕೊಂಡಿತು, ಬಿಡಿಸುವಾಗ ಮೇಲ್ಪದರ ಕಿತ್ತು ಬಂತು. ರಂಧ್ರಕ್ಕೆ ಇಳಿದದ್ದು ಒಂದು ಕಾರಣವಾದರೆ ಇನ್ನೊಂದು ಟ್ಯಾನಿನ್, ಅಂದರೆ ತೊಗಟೆಗೆ ಒಗರು ಕೊಡುವ ವಸ್ತು. ಜೆಲಟಿನ್ ಒಂದು ಪ್ರೋಟೀನ್. ತೊಗಟೆಯ ಟ್ಯಾನಿನ್ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ. ತೊಗಲು ಹದ ಮಾಡುವುದೂ ಇದೇ ಗುಣದಿಂದ. ತೊಗಟೆ, ಕಾಯಿಯ ಸಿಪ್ಪೆ, ಬೀಜದ ಕವಚದಂಥ ಒಗರು ವಸ್ತುಗಳ ಮೇಲೆ ಬರಿ ಜೆಲಟಿನ್ ಹಾಕುವವರು ಇದನ್ನು ಮರೆಯಬಾರದು.

ಆದ್ದರಿಂದ ಅಚ್ಚಿಗೆ ಆಲ್ಜಿನೇಟ್, ಪ್ರತಿಗೆ ಜೆಲಟಿನ್ ಪ್ಲಾಸ್ಟಿಕ್ ಎಂದು ತೀರ್ಮಾನವಾಯಿತು. ಆಲ್ಜಿನೇಟ್ ಕಂದು ಕಡಲಪಾಚಿಯಿಂದ ಬರುವ ಪುಡಿ. ಜೊತೆಗೆ ಬೆರೆಸಿರುವ ಕ್ಯಾಲ್ಸಿಯಂ ಲವಣದಿಂದ ಕೆಲವೇ ನಿಮಿಷಗಳಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಕರಗುವುದಿಲ್ಲ. ಜೆಲಟಿನ್ ಕರಗುತ್ತದೆ, ಹಾಗಾಗಿ ಜೆಲಟಿನ್ ಅಚ್ಚಿಗೆ ಬಿಸಿ ಜೆಲಟಿನ್ ಸುರಿಯುವಂತಿಲ್ಲ. ಆಯ್ಕೆಯ ಈ ಭಾಗ ಸರಿಯಾಗಿಯೇ ಇತ್ತು.

ಪ್ರತಿಗೆ ತೆಗೆದುಕೊಂಡ ಪ್ರಮಾಣ: ನೀರು 3 ಲೀಟರ್, ಜೆಲಟಿನ್ 600 ಗ್ರಾಂ, ಗ್ಲಿಸರಿನ್ 150 ಗ್ರಾಂ, ಜರಡಿ ಹಿಡಿದ ಮರದ ಹೊಟ್ಟು 400 ಗ್ರಾಂ. ಜೆಲಟಿನನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕುದಿಯದಂತೆ ಕರಗಿಸಿ, ಗ್ಲಿಸರಿನ್ ಮತ್ತು ಹೊಟ್ಟು ಸೇರಿಸಿ, 50 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಅಚ್ಚಿಗೆ ಹುಯ್ದರು. ಕೆಲವು ಗಂಟೆಗಳಲ್ಲಿ ಹೆಪ್ಪುಗಟ್ಟಿತು. ವಿವರ ಅದ್ಭುತವಾಗಿ ಬಂದಿತ್ತು. ಕೂದಲೆಳೆಯಷ್ಟು ಸಣ್ಣ ಸೀಳೂ ಕಾಣುತ್ತಿತ್ತು. ಮೂವರಿಗೂ ಕೆಲಸ ಮುಗಿದಂತೆಯೇ ಅನ್ನಿಸಿತು.

ಒಣಗಲಿ ಎಂದು ಪ್ರತಿಯನ್ನು ಅಚ್ಚಿನಲ್ಲೇ ಬಿಟ್ಟರು. ಅದು ಒಣಗಲಿಲ್ಲ. ಒಣಗುವುದಾದರೂ ಹೇಗೆ? ಕೆಳಗೆ ಒದ್ದೆ ಆಲ್ಜಿನೇಟ್, ಮೇಲೆ ತೇವದ ಗಾಳಿ, ನಡುವೆ ತನ್ನ ತೂಕದ ಮುಕ್ಕಾಲಿನಷ್ಟು ನೀರು ಹೊತ್ತ ಜೆಲಟಿನ್. ಮೂರನೆಯ ದಿನ ಮೇಲೆ ಬಿಳಿ ಬೂಷ್ಟು ಹಬ್ಬಿತು. ಪ್ರೋಟೀನ್, ತೇವ, ಮರದ ಹೊಟ್ಟು ಮೂರೂ ಸೇರಿದರೆ ಶಿಲೀಂಧ್ರಕ್ಕೆ ಇನ್ನೇನು ಬೇಕು.

ಎರಡನೆಯ ಪ್ರತಿಯನ್ನು ಹೆಪ್ಪುಗಟ್ಟಿದ ಕೂಡಲೇ ಹೊರತೆಗೆದು ಜಾಲರಿಯ ಮೇಲೆ ಫ್ಯಾನಿನ ಕೆಳಗಿಟ್ಟರು. ಬೂಷ್ಟು ಬರಲಿಲ್ಲ, ಆದರೆ ಪ್ರತಿ ಕುಗ್ಗಿತು. ಶಿಲ್ಪಿ ಅಚ್ಚಿನ ಅಂಚಿನಲ್ಲಿ 500 ಮಿ.ಮೀ. ಅಂತರದಲ್ಲಿ ಎರಡು ಗುರುತು ಇಟ್ಟಿದ್ದರು. ಒಣಗಿದ ಪ್ರತಿಯಲ್ಲಿ ಅದೇ ಅಂತರ 415 ಮಿ.ಮೀ. ಗಾಳಿಗೆ ತೆರೆದ ಮುಖ ಬೇಗ ಒಣಗಿದ್ದರಿಂದ ಫಲಕ ತೊಟ್ಟಿಲಿನ ಹಾಗೆ ಬಾಗಿತು. ಗ್ಲಿಸರಿನ್ ತೇವವನ್ನು ಎಳೆದುಕೊಳ್ಳುವ ವಸ್ತು, ಹಾಗಾಗಿ ಮೋಡದ ದಿನಗಳಲ್ಲಿ ಮೇಲ್ಮೈ ಜಿಗುಟಾಗುತ್ತಿತ್ತು. ಗ್ಲಿಸರಿನ್ ಕಡಿಮೆ ಮಾಡಿದರೆ ಫಲಕ ಒಡೆಯುತ್ತದೆ, ಹೆಚ್ಚು ಮಾಡಿದರೆ ಅಂಟುತ್ತದೆ. ಸಣ್ಣ ವಸ್ತುಗಳಿಗೆ, ತೆಳು ಹಾಳೆಗಳಿಗೆ ಜೆಲಟಿನ್ ಪ್ಲಾಸ್ಟಿಕ್ ಚೆಂದ. ಅಳತೆ ಉಳಿಯಬೇಕಾದ ದೊಡ್ಡ ಉಬ್ಬುಶಿಲ್ಪಕ್ಕೆ ಅದು ಒಗ್ಗುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡು ಪ್ರಶ್ನೆಗಳು

ಇಲ್ಲಿಂದ ಮುಂದೆ ಪಾಕದ ಪ್ರಮಾಣವನ್ನೇ ತಿದ್ದುತ್ತಾ ಹೋಗುವುದು ಸುಲಭವಿತ್ತು. ಹಲವರು ಮಾಡುವುದೂ ಅದನ್ನೇ: ಜೆಲಟಿನ್ ಸ್ವಲ್ಪ ಹೆಚ್ಚು, ನೀರು ಸ್ವಲ್ಪ ಕಡಿಮೆ, ಒಂದಿಷ್ಟು ಲವಂಗದ ಎಣ್ಣೆ. ಶಿಲ್ಪಿ ಹಾಗೆ ಮಾಡಲಿಲ್ಲ. ಕೆಲಸ ನಿಲ್ಲಿಸಿ ಎರಡು ಪ್ರಶ್ನೆಗಳನ್ನು ಎತ್ತಿದರು. ಪ್ರಕರಣದ ದೊಡ್ಡ ತಿರುವು ಇದೇ.

ಮೊದಲನೆಯದು ಕೆಲಸ ಕೊಟ್ಟವರಿಗೆ: ‘ಸಾವಯವ’ ಅಂದರೆ ನಿಮ್ಮ ಮನಸ್ಸಿನಲ್ಲಿ ಏನಿದೆ? ಉತ್ತರ ಸ್ಪಷ್ಟವಾಗಿತ್ತು. ಗೋಡೆಯ ಮೇಲೆ ಉಳಿಯುವ ವಸ್ತು ಮುಂದೊಂದು ದಿನ ಮಣ್ಣಿಗೆ ಸೇರುವಂತಿರಬೇಕು, ಕೆಲಸ ಮಾಡುವವರು ವಿಷದ ಹೊಗೆ ಕುಡಿಯಬಾರದು. ಅಚ್ಚು ಮಾಡಲು ಪ್ಲಾಸ್ಟರಿನಂಥ ಖನಿಜ ಬಳಸಿದರೆ ಅವರಿಗೆ ಆಕ್ಷೇಪವಿರಲಿಲ್ಲ. ಈ ಮಾತನ್ನು ಮೊದಲ ದಿನವೇ ಕೇಳಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಷರತ್ತು ಸಲಕರಣೆಗೋ ಕೃತಿಗೋ ಎಂಬುದು ಬರಹದಲ್ಲಿ ಇರಲೇಬೇಕು.

ಎರಡನೆಯದು ತಮಗೇ: ನೀರು ಎಲ್ಲಿಂದ ಹೊರಗೆ ಹೋಗುತ್ತದೆ? ಮೊದಲ ಯೋಜನೆಯಲ್ಲಿ ಆಕಾರ ಹಿಡಿಯುವ ವಸ್ತುವೂ ಒದ್ದೆ, ಆಕಾರ ತಾಳುವ ವಸ್ತುವೂ ಒದ್ದೆ. ನೀರಿಗೆ ದಾರಿಯೇ ಇರಲಿಲ್ಲ. ಹೊಸ ಯೋಜನೆಯಲ್ಲಿ ಕೆಲಸವನ್ನು ನಾಲ್ಕು ವಸ್ತುಗಳಿಗೆ ಹಂಚಿದರು. ತೊಗಟೆಯ ಮುಖವನ್ನು ಹಿಡಿಯಲು ಆಲ್ಜಿನೇಟ್, ಅದು ಒದ್ದೆಯಾದರೂ ಅದರ ಆಯಸ್ಸು ಕೆಲವೇ ಗಂಟೆ. ಆ ಮುಖವನ್ನು ನೀರಿಲ್ಲದ ವಸ್ತುವಿಗೆ ದಾಟಿಸಲು ಜೇನುಮೇಣ. ಆ ಮೇಣದ ಪ್ರತಿಯ ಮೇಲೆ ಎರೆದು ತೆಗೆದ, ನೀರು ಹೀರುವ ಪ್ಲಾಸ್ಟರ್ ಅಚ್ಚು. ಆ ಅಚ್ಚಿಗೆ ಹತ್ತಿನಾರಿನ ಕಾಗದದ ತಿರುಳು. ತಿರುಳು ಒದ್ದೆಯೇ, ಆದರೆ ಈಗ ಅದರ ನೀರನ್ನು ಅಚ್ಚೇ ಕುಡಿಯುತ್ತದೆ.

ಆಲ್ಜಿನೇಟ್ ಮತ್ತೊಮ್ಮೆ

ಮೊದಲ ಸಲದ ಅಚ್ಚಿನಲ್ಲೂ ಒಂದು ದೋಷವಿತ್ತು. ಎರಡು ಬಾರಿ ಕಲಸಿ ಹಾಕಿದ್ದ ಆಲ್ಜಿನೇಟ್ ಮಧ್ಯದಲ್ಲಿ ಗೆರೆಯಾಗಿ ಬಿಟ್ಟುಕೊಂಡಿತ್ತು. ಒಮ್ಮೆ ಗಟ್ಟಿಯಾದ ಆಲ್ಜಿನೇಟಿಗೆ ಹೊಸ ಆಲ್ಜಿನೇಟ್ ಅಂಟುವುದಿಲ್ಲ. ವಾಷಿಂಗ್ ಸೋಡಾದ ದ್ರಾವಣವನ್ನು ಅಂಚಿಗೆ ಸವರಿದರೆ ಮೇಲ್ಪದರ ಮೆತ್ತಗಾಗಿ ತಕ್ಕಮಟ್ಟಿಗೆ ಹಿಡಿಯುತ್ತದೆ. ಆದರೆ ಅದು ತೇಪೆ ಮಾತ್ರ. ಸರಿಯಾದ ದಾರಿ ಒಂದೇ ಸಲಕ್ಕೆ ಹಾಕುವುದು.

ಅದಕ್ಕಾಗಿ ನೀರನ್ನು 16 ಡಿಗ್ರಿಗೆ ತಣಿಸಿದರು. ನೀರು ತಣ್ಣಗಿದ್ದಷ್ಟೂ ಆಲ್ಜಿನೇಟ್ ಗಟ್ಟಿಯಾಗುವುದು ನಿಧಾನ, ಬೆಚ್ಚಗಿದ್ದರೆ ಬಕೆಟ್ಟಿನಲ್ಲೇ ಹೆಪ್ಪುಗಟ್ಟುತ್ತದೆ. ಒಟ್ಟು 1.2 ಕೆ.ಜಿ. ಪುಡಿಗೆ 4.2 ಲೀಟರ್ ನೀರು, ಎರಡು ಬಕೆಟ್‌ಗಳಲ್ಲಿ ಇಬ್ಬರು ಏಕಕಾಲಕ್ಕೆ ಕಲಸಿದರು. ಮೂರನೆಯವರು ಮೊದಲ ಬಕೆಟ್ಟಿನಿಂದ ಬ್ರಷ್‌ನಲ್ಲಿ ತೆಗೆದು ಬಿರುಕುಗಳಿಗೆ ತುಂಬಿಸಿದರು. ಬರಿದೇ ಸುರಿದರೆ ಬಿರುಕಿನ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಪ್ರತಿಯಲ್ಲಿ ಅದು ಗುಳ್ಳೆಯಾಗಿ ಕಾಣುತ್ತದೆ. ಪೂರ್ತಿ 1 ಸೆಂ.ಮೀ. ದಪ್ಪ ಬಂದ ಮೇಲೆ, ಇನ್ನೂ ಅಂಟಾಗಿರುವಾಗಲೇ ಬೆನ್ನಿನ ಮೇಲೆ ಬ್ಯಾಂಡೇಜಿನಂಥ ಸಡಿಲ ನೇಯ್ಗೆಯ ಬಟ್ಟೆಯನ್ನು ಒತ್ತಿದರು. ಹಿಂದಿನಿಂದ ಕೊಡುವ ಪ್ಲಾಸ್ಟರ್ ಚಿಪ್ಪಿಗೆ ಆ ಬಟ್ಟೆಯೇ ಹಿಡಿತ. ಅದಿಲ್ಲದಿದ್ದರೆ ಆಲ್ಜಿನೇಟ್ ಚಿಪ್ಪಿನಿಂದ ಜಾರಿ ಜೋತುಬೀಳುತ್ತದೆ. ಚಿಪ್ಪಿಗೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆ, ಎರಡು ಪದರ.

ತೊಗಟೆಯ ಸಿದ್ಧತೆ ಇದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಹಿಡಿಯಬೇಕಾದದ್ದೇ. ಸಡಿಲ ಚಕ್ಕೆಗಳನ್ನು ಮೃದು ಬ್ರಷ್‌ನಲ್ಲಿ ತೆಗೆದು ಒಂದು ಡಬ್ಬಿಯಲ್ಲಿಟ್ಟರು (ಅವು ಮುಂದೆ ಬಣ್ಣಕ್ಕೆ ಬಂದವು). ಒಣ ತೊಗಟೆ ಆಲ್ಜಿನೇಟಿನ ನೀರನ್ನು ಹೀರಿಕೊಂಡು ಅದನ್ನು ಪುಡಿಯಾಗಿಸುತ್ತದೆ. ಆದ್ದರಿಂದ ತುಂತುರು ನೀರಿನಿಂದ ಮೇಲ್ಮೈಯನ್ನು ತೇವಗೊಳಿಸಿ, ಮೀಥೈಲ್ ಸೆಲ್ಯುಲೋಸಿನ (ಸಸ್ಯದ ಸೆಲ್ಯುಲೋಸಿನಿಂದ ಮಾಡಿದ ಪುಡಿ) ತೆಳು ಲೋಳೆಯನ್ನು ಸವರಿದರು. ಅದು ಅಂಟದಂತೆ ತಡೆಯುತ್ತದೆ, ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಿದರೆ ಹೋಗುತ್ತದೆ. ತೀರಾ ಆಳದ ಕೆಲವು ಬಿರುಕುಗಳ ತಳವನ್ನು ಜೇಡಿಮಣ್ಣಿನಿಂದ ಅರ್ಧಕ್ಕೆ ತುಂಬಿದರು. ಯಾವ ಬಿರುಕನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಟ್ಟುಕೊಡುವುದು ಎಂದು ಇಲ್ಲೇ ತೀರ್ಮಾನಿಸಬೇಕು. ಆಳದ ಕೊನೆಯ ಅರ್ಧ ಸೆಂಟಿಮೀಟರ್ ನೋಡುವವರ ಕಣ್ಣಿಗೆ ಬರಿ ನೆರಳು. ಅದನ್ನು ಹಿಡಿಯಲು ಹೋಗಿ ಅಚ್ಚು ಹರಿದುಕೊಳ್ಳುವುದರಲ್ಲಿ ಅರ್ಥವಿಲ್ಲ.

ತೊಗಟೆಯಿಂದ ಬಿಡಿಸಿದ ಗಳಿಗೆಯಿಂದಲೇ ಆಲ್ಜಿನೇಟ್ ನೀರು ಬಿಡತೊಡಗುತ್ತದೆ, ಕುಗ್ಗತೊಡಗುತ್ತದೆ. ಮೇಣ ಕರಗಿ ಸಿದ್ಧವಾಗುವವರೆಗೆ ಒದ್ದೆ ಬಟ್ಟೆ ಮುಚ್ಚಿಟ್ಟರು. ರಾತ್ರಿಯಿಡೀ ಬಿಟ್ಟ ಆಲ್ಜಿನೇಟ್ ಅಚ್ಚನ್ನು ಅಳತೆಯ ಕೆಲಸಕ್ಕೆ ನಂಬುವಂತಿಲ್ಲ.

ಮೇಣದ ಪ್ರತಿ

ಜೇನುಮೇಣ ಐದು ಭಾಗ, ಮರದ ರಾಳ ಒಂದು ಭಾಗ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ರಾಳಕ್ಕೆ ಅದಕ್ಕಿಂತ ಹೆಚ್ಚು ಶಾಖ ಬೇಕು. ಹಾಗಾಗಿ ಮೊದಲು ರಾಳವನ್ನು ನಿಧಾನ ಕಾವಿನಲ್ಲಿ ಕರಗಿಸಿ, ಆಮೇಲೆ ಮೇಣವನ್ನು ತುಂಡು ತುಂಡಾಗಿ ಸೇರಿಸುವುದು. ತೆರೆದ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ರಾಳದ ಹೊಗೆ ಉಸಿರಾಟದ ಅಲರ್ಜಿ ತರಬಲ್ಲದು, ಸಹಜ ವಸ್ತು ಎಂದ ಮಾತ್ರಕ್ಕೆ ನಿರಪಾಯವಲ್ಲ.

ಆಲ್ಜಿನೇಟಿನ ಮೇಲಿನ ನೀರಹನಿಗಳನ್ನು ಬಟ್ಟೆಯಿಂದ ಒತ್ತಿ ತೆಗೆದು, 70 ಡಿಗ್ರಿಯ ಸುಮಾರಿನ ಮೇಣವನ್ನು ಬ್ರಷ್‌ನಿಂದ ಮೊದಲ ಪದರ ಹಚ್ಚಿದರು. ಮೇಣ ತೀರಾ ಬಿಸಿಯಾಗಿದ್ದರೆ ಆಲ್ಜಿನೇಟಿನ ಮೇಲ್ಮೈಯ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ತಣ್ಣಗಿದ್ದರೆ ಒಂದು ಎಳೆ ಇನ್ನೊಂದರಲ್ಲಿ ಬೆರೆಯದೆ ಮಡಿಕೆ ಮಡಿಕೆಯಾಗಿ ಕೂರುತ್ತದೆ. ಎರಡನೆಯ ಮತ್ತು ಮೂರನೆಯ ಪದರ ಸುರಿದು, ಅಚ್ಚನ್ನು ಓರೆಮಾಡಿ ಹರಡಿ, ಒಟ್ಟು 5 ಮಿ.ಮೀ. ದಪ್ಪಕ್ಕೆ ತಂದರು. ಆಲ್ಜಿನೇಟ್ ಒದ್ದೆಯಾಗಿರುವುದರಿಂದ ಮೇಣ ಅಂಟುವುದಿಲ್ಲ, ಬೇರೆ ಎಣ್ಣೆಯ ಅಗತ್ಯ ಬರಲಿಲ್ಲ. ಪೂರ್ತಿ ತಣಿದ ಮೇಲೆ ಮೇಣವನ್ನು ಅಲ್ಲಾಡಿಸದೆ ಆಲ್ಜಿನೇಟನ್ನೇ ಅದರಿಂದ ಸುಲಿದರು. ಗಟ್ಟಿಯಾದದ್ದು ನಿಲ್ಲಬೇಕು, ಬಗ್ಗುವುದು ಬಿಡಬೇಕು.

ಸುಲಿದ ಆಲ್ಜಿನೇಟನ್ನು ಚಿಪ್ಪಿನಲ್ಲಿ ಮತ್ತೆ ಕೂರಿಸಿ, ಅಂದೇ ಎರಡನೆಯ ಮೇಣದ ಪ್ರತಿಯನ್ನೂ ತೆಗೆದರು. ಬಿರುಕುಗಳಲ್ಲಿ ಇಳಿದಿದ್ದ ಆಲ್ಜಿನೇಟಿನ ತೆಳು ರೆಕ್ಕೆಗಳು ಅಲ್ಲಲ್ಲಿ ಹರಿದಿದ್ದವು. ಎರಡನೆಯ ಪ್ರತಿಯಲ್ಲಿ ಆ ಜಾಗಗಳು ಮೇಣ ತುಂಬಿ ಮುಚ್ಚಿಹೋಗಿದ್ದವು. ಮೊದಲ ಪ್ರತಿಯನ್ನು ಪಕ್ಕದಲ್ಲಿಟ್ಟು ಬಿಸಿ ಉಳಿಯಿಂದ ಮತ್ತೆ ತೆರೆದರು.

ಮೇಣದ ಪ್ರತಿ ಎಷ್ಟು ಚೆನ್ನಾಗಿತ್ತೆಂದರೆ ಅದನ್ನೇ ಕೊಟ್ಟುಬಿಡೋಣ ಎಂಬ ಆಸೆ ಹುಟ್ಟಿತು. ಕೆಲಸ ಕೊಟ್ಟವರೂ ಒಪ್ಪುತ್ತಿದ್ದರೇನೋ. ಆದರೆ ಶಿಲ್ಪಿ ಒಂದು ತುಂಡನ್ನು ಬೆಚ್ಚಗಿನ ಕೋಣೆಯ ಗೋಡೆಗೆ ತೂಗುಹಾಕಿ ನೋಡಿದರು. ಕೆಲವೇ ದಿನಗಳಲ್ಲಿ ಅದು ಕೆಳಗೆ ಜಗ್ಗಿ ಹೊಟ್ಟೆ ಬಂದಿತ್ತು. ಜೇನುಮೇಣ ಕರಗುವುದು 60 ದಾಟಿದ ಮೇಲೆ ನಿಜ, ಆದರೆ 35 ಡಿಗ್ರಿಯಲ್ಲೇ ಕೈಯಲ್ಲಿ ಬಗ್ಗುವಷ್ಟು ಮೆತ್ತಗಾಗುತ್ತದೆ. ರಾಳ ಅದನ್ನು ಗಡುಸು ಮಾಡುತ್ತದೆ, ಅದರ ಜೊತೆಗೆ ಪೆಡಸೂ ಮಾಡುತ್ತದೆ. ಪೀಠದ ಮೇಲೆ ಕೂರುವ ಸಣ್ಣ ಶಿಲ್ಪಕ್ಕೆ ಮೇಣ ಸಾಕು, 60 ಸೆಂ.ಮೀ. ಉದ್ದದ ತೂಗು ಫಲಕಕ್ಕೆ ಸಾಲದು. ಮೇಣವನ್ನು ಮಧ್ಯದ ಹಂತವಾಗಿಯೇ ಉಳಿಸಿದ್ದು ಎರಡನೆಯ ಮುಖ್ಯ ನಿರ್ಧಾರ.

ಮೇಣದ ಹಂತ ಕೊಟ್ಟ ದೊಡ್ಡ ಲಾಭವೆಂದರೆ ತಿದ್ದುವ ಅವಕಾಶ. ಮುಂದಿನದು ಗಟ್ಟಿ ಪ್ಲಾಸ್ಟರ್ ಅಚ್ಚಾದ್ದರಿಂದ ಅಂಡರ್‌ಕಟ್ ಇರುವಂತಿಲ್ಲ. ಮೂಲ ತೊಗಟೆಯನ್ನು ಮುಟ್ಟುವ ಹಾಗಿಲ್ಲ. ಮೇಣದಲ್ಲಿ ಮಾತ್ರ ಒಳಕ್ಕೆ ಬಾಗಿದ ಅಂಚುಗಳನ್ನು ಬಿಸಿ ಉಳಿಯಿಂದ ತುಸು ಹೊರಕ್ಕೆ ತೆರೆಯಬಹುದು. ಪ್ರತಿ ಬಿರುಕಿನ ಬದಿಗೂ ಕೆಲವು ಡಿಗ್ರಿ ಓರೆ ಕೊಟ್ಟರು. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಈ ಓರೆಯಿಲ್ಲದೆ ಒಂದು ತಿರುಳಿನ ಫಲಕವೂ ಅಚ್ಚಿನಿಂದ ಹೊರಬರುತ್ತಿರಲಿಲ್ಲ. 500 ಮಿ.ಮೀ. ಅಂತರದ ಎರಡು ಗುರುತುಗಳನ್ನೂ ಇಲ್ಲಿಯೇ ಚುಚ್ಚಿದರು.

ಪ್ಲಾಸ್ಟರ್ ಅಚ್ಚು

ಮೇಣದ ಬೆನ್ನಿಗೆ ಒದ್ದೆ ಮರಳಿನ ಆಧಾರ ಕೊಟ್ಟು, ಸುತ್ತ ಹಲಗೆಯ ಕಟ್ಟೆ ಕಟ್ಟಿದರು. ಪ್ಲಾಸ್ಟರ್ 100 ಭಾಗಕ್ಕೆ ನೀರು 70 ಭಾಗ, ತೂಕದಲ್ಲಿ. ನೀರಿಗೆ ಪುಡಿಯನ್ನು ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಕಲಸುವುದು. ಮೇಣದ ಮೇಲೆ ಪ್ಲಾಸ್ಟರ್ ಹನಿ ಹನಿಯಾಗಿ ಜಾರುತ್ತದೆ, ಅದಕ್ಕೆ ಮೊದಲು ಸಾಬೂನು ನೀರು ಸವರಿದರು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. 4 ಸೆಂ.ಮೀ. ದಪ್ಪವನ್ನು ಒಮ್ಮೆಲೇ ಸುರಿದರೆ ಆ ಶಾಖಕ್ಕೆ ಮೇಣ ಮೆತ್ತಗಾಗಿ ಆಕಾರ ಕೆಡುತ್ತದೆ. ಆದ್ದರಿಂದ ಮೊದಲು ತೆಳು ಪದರ ಎರಚಿ, ಅದು ಬಿಸಿಯಾಗಿ ತಣಿದ ಮೇಲೆ ಅದರ ಮೇಲ್ಮೈಯನ್ನು ಗೀಚಿ, ಒದ್ದೆ ಮಾಡಿ, ಉಳಿದದ್ದನ್ನು ಹಾಕಿದರು.

ಮೇಣವನ್ನು ಹೊರತೆಗೆಯುವಾಗ ಅವಸರ ಮಾಡಬಾರದ ಒಂದು ಜಾಗವಿದೆ. ಒಣ ಪ್ಲಾಸ್ಟರಿನಲ್ಲಿ ಮೇಣ ಕರಗಿದರೆ ಅದು ಪ್ಲಾಸ್ಟರಿನ ರಂಧ್ರಗಳಿಗೆ ಇಂಗುತ್ತದೆ, ಆ ಭಾಗ ಮುಂದೆ ಎಂದೂ ನೀರು ಹೀರುವುದಿಲ್ಲ. ಪ್ಲಾಸ್ಟರ್ ಇನ್ನೂ ಒದ್ದೆಯಾಗಿದ್ದಾಗಲೇ 45 ಡಿಗ್ರಿಯ ನೀರು ಸುರಿದು, ಮೆತ್ತಗಾದ ಮೇಣವನ್ನು ಪಟ್ಟಿ ಪಟ್ಟಿಯಾಗಿ ಎಳೆದು ತೆಗೆದರು. ಎರಡು ಮೇಣದ ಪ್ರತಿಗಳಿಂದ ಎರಡು ಅಚ್ಚು. ಒಣಗಲು ಇಟ್ಟಾಗ 45 ಡಿಗ್ರಿ ಮೀರದಂತೆ ನೋಡಿಕೊಂಡರು, ಹೆಚ್ಚು ಶಾಖಕ್ಕೆ ಪ್ಲಾಸ್ಟರ್ ತನ್ನ ಬಂಧದ ನೀರನ್ನೇ ಕಳೆದುಕೊಂಡು ಪುಡಿಯಾಗುತ್ತದೆ.

ತಿರುಳಿನ ಎರಕ

ನಾರಿನ ಆಯ್ಕೆಯ ಮೇಲೆ ಕುಗ್ಗುವಿಕೆ ನಿಂತಿದೆ. ಹತ್ತಿಬೀಜಕ್ಕೆ ಅಂಟಿರುವ ಗಿಡ್ಡ ನಾರು, ಅಂದರೆ ಲಿಂಟರ್, ಎರಕಕ್ಕೆ ಒಳ್ಳೆಯದು, ಕಡಿಮೆ ಕುಗ್ಗುತ್ತದೆ. ಉದ್ದ ನಾರುಗಳು, ಅದರಲ್ಲೂ ಬಹಳ ಹೊತ್ತು ಜಜ್ಜಿದವು, ಬಲವಾಗಿರುತ್ತವೆ, ಆದರೆ ವಿಪರೀತ ಕುಗ್ಗುತ್ತವೆ. ಒಂದು ಫಲಕಕ್ಕೆ ಒಣ ಲಿಂಟರ್ 650 ಗ್ರಾಂ, ನಯವಾಗಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪು 65 ಗ್ರಾಂ, ನೂರಕ್ಕೆ ಎರಡರಷ್ಟು ಮೀಥೈಲ್ ಸೆಲ್ಯುಲೋಸ್ ಲೋಳೆ 1 ಲೀಟರ್. ಚಿಪ್ಪಿನ ಪುಡಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನಾರುಗಳ ನಡುವೆ ಕೂತು ಕುಗ್ಗುವುದನ್ನು ತಗ್ಗಿಸುತ್ತದೆ, ಮುಂದೆ ಹುಟ್ಟುವ ಆಮ್ಲವನ್ನೂ ತಿನ್ನುತ್ತದೆ. ಅಂಟಿಗೆ ಗಂಜಿಯನ್ನು ಬಿಟ್ಟದ್ದಕ್ಕೆ ಕಾರಣ ಬೂಷ್ಟು ಮತ್ತು ಹುಳ. ಮೀಥೈಲ್ ಸೆಲ್ಯುಲೋಸ್ ಸಸ್ಯದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿದ್ದು, ಹಾಗಾಗಿ ಕೆಲಸ ಕೊಟ್ಟವರಿಗೆ ತಿಳಿಸಿ ಒಪ್ಪಿಗೆ ಪಡೆದರು.

ರಾತ್ರಿ ನೆನೆಸಿದ ನಾರನ್ನು, ಲೀಟರಿಗೆ ಸುಮಾರು 20 ಗ್ರಾಂ ಒಣ ನಾರಿನ ಲೆಕ್ಕದಲ್ಲಿ, ಮಿಕ್ಸಿಯಲ್ಲಿ 20ರಿಂದ 30 ಸೆಕೆಂಡ್ ತಿರುಗಿಸಿದರು. ಮೊದಲ ಫಲಕಕ್ಕೆ ನುಣುಪು ಬರಲೆಂದು ಎರಡು ನಿಮಿಷ ತಿರುಗಿಸಿದ್ದರು. ಆ ತಿರುಳು ನೀರು ಬಿಡಲು ಬಹಳ ಹೊತ್ತು ತೆಗೆದುಕೊಂಡಿತು, ಹೆಚ್ಚು ಕುಗ್ಗಿತು.

ಜಾಲರಿಯಲ್ಲಿ ಸೋಸಿದ ತಿರುಳನ್ನು 3 ಮಿ.ಮೀ. ಪದರವಾಗಿ ಅಚ್ಚಿಗೆ ಒತ್ತುವುದು, ಸ್ಪಂಜಿನಿಂದ ನೀರು ಹಿಂಡುವುದು, ಮತ್ತೆ ಪದರ. ಬಿರುಕುಗಳ ತಳಕ್ಕೆ ಬೆರಳಲ್ಲ, ಗಿಡ್ಡ ಕೂದಲಿನ ಗಡುಸು ಬ್ರಷ್ ಬೇಕು. ಮೇಲಿನಿಂದ ಕುಟ್ಟಿದರೆ ತಿರುಳು ತಳಕ್ಕೆ ಇಳಿಯುತ್ತದೆ. ನಡುವೆ ಸೆಣಬಿನ ಸಡಿಲ ಜಾಲರಿ ಒಂದು ಪದರ. ಅಂಚಿನಲ್ಲಿ ತಿರುಳನ್ನು ಅಚ್ಚಿನ ಅಂಚು ದಾಟಿಸಿ 2 ಸೆಂ.ಮೀ. ಹೊರಕ್ಕೆ ಮಡಚಬೇಕು. ಒಣಗುವಾಗ ಈ ಮಡಿಕೆ ಅಚ್ಚನ್ನು ಕಚ್ಚಿ ಹಿಡಿದು ಫಲಕ ಒಳಕ್ಕೆ ಸರಿಯದಂತೆ ತಡೆಯುತ್ತದೆ. ಕೊನೆಗೆ ಕತ್ತರಿಸಿ ತೆಗೆದರಾಯಿತು.

ಮೊದಲ ಫಲಕವನ್ನು ಮಡಿಕೆಯಿಲ್ಲದೆ, ಫ್ಯಾನನ್ನು ನೇರ ಬೆನ್ನಿಗೆ ಹಿಡಿದು ಒಣಗಿಸಿದ್ದರು. ಬೆನ್ನು ಬೇಗ ಒಣಗಿ ಬಿಗಿಯಿತು, ಮುಖ ಇನ್ನೂ ಒದ್ದೆ, ಅಂಚುಗಳು ಎದ್ದವು. 500 ಮಿ.ಮೀ. ಗುರುತು 489ಕ್ಕೆ ಬಂದಿತ್ತು. ಎರಡನೆಯದರಿಂದ ಬೆನ್ನಿನ ಮೇಲೆ ಒಣ ಹತ್ತಿಬಟ್ಟೆ, ಅದರ ಮೇಲೆ ತೆಳುವಾಗಿ ಹರಡಿದ ಮರಳುಚೀಲಗಳು. ಬಟ್ಟೆಯನ್ನು ಕೆಲವು ಗಂಟೆಗೊಮ್ಮೆ ಬದಲಿಸಿದರು. ನೀರು ಮುಖದ ಕಡೆಯಿಂದ ಪ್ಲಾಸ್ಟರಿಗೂ ಬೆನ್ನಿನ ಕಡೆಯಿಂದ ಬಟ್ಟೆಗೂ ಹೆಚ್ಚುಕಡಿಮೆ ಸಮನಾಗಿ ಹೋಯಿತು. ಗುರುತು 495ರಲ್ಲಿ ನಿಂತಿತು, ಫಲಕ ಚಪ್ಪಟೆಯಾಗಿ ಉಳಿಯಿತು.

ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ಹೇಳುವುದು ಮೋಸ. ಅಚ್ಚು ಸಮೇತ ತೂಗಿ, ಹನ್ನೆರಡು ಗಂಟೆ ಬಿಟ್ಟು ಮತ್ತೆ ತೂಗಿ, ತೂಕ ಬದಲಾಗದಿದ್ದರೆ ಮಾತ್ರ ಬಿಡಿಸಿದರು. ಒಂದು ಎರಕದ ನಂತರ ಅಚ್ಚು ನೀರು ಕುಡಿದು ತಣ್ಣಗಿರುತ್ತದೆ, ಅದಕ್ಕೇ ಮುಂದಿನ ತಿರುಳು ಹಾಕಿದರೆ ಒಣಗುವುದು ತಡ, ಅಚ್ಚಿನ ಮೇಲೇ ಬೂಷ್ಟು. ಎರಡು ಅಚ್ಚುಗಳನ್ನು ಸರದಿಯಲ್ಲಿ ಬಳಸಿದ್ದರಿಂದ ಈ ತೊಂದರೆ ತಪ್ಪಿತು. ಬಾಗಿದ ಮೊದಲ ಫಲಕವನ್ನು ನೆನೆಸಿ ಮತ್ತೆ ತಿರುಳು ಮಾಡಿ ಕೊನೆಯ ಫಲಕಕ್ಕೆ ಬೆರೆಸಿದರು.

ಬಣ್ಣ, ಲೇಪ, ಗೋಡೆ

ಉದುರಿದ್ದ ಚಕ್ಕೆಗಳನ್ನು ನೀರಿನಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದ ಕಷಾಯವನ್ನು ತಿರುಳಿಗೇ ಬೆರೆಸಿದ್ದರು. ಒಣಗಿದ ಮೇಲೆ ಹಚ್ಚಿದ್ದರೆ ಫಲಕ ಮತ್ತೆ ನೆನೆದು ಸಡಿಲವಾಗುತ್ತಿತ್ತು. ಹಾಗೆ ಬಂದ ತಿಳಿಗಂದು ಬಣ್ಣದ ಮೇಲೆ, ಬಿರುಕುಗಳಲ್ಲಿ ಮಾತ್ರ, ತುಕ್ಕಿನ ಮೊಳೆ ನೆನೆಸಿದ ವಿನೆಗರನ್ನು ತೆಳ್ಳಗೆ ಮಾಡಿ ಬ್ರಷ್‌ನಿಂದ ಇಳಿಸಿದರು. ಕಬ್ಬಿಣ ಟ್ಯಾನಿನ್ನಿನ ಜೊತೆ ಸೇರಿ ಬೂದುಗಪ್ಪು ಬಣ್ಣ ಕೊಡುತ್ತದೆ. ಇಲ್ಲಿ ಕೈ ಬಿಗಿಯಿರಬೇಕು. ಹೆಚ್ಚಾದ ಕಬ್ಬಿಣ ಮತ್ತು ಆಮ್ಲ ಕಾಲಕ್ರಮೇಣ ಸೆಲ್ಯುಲೋಸನ್ನೇ ತಿನ್ನುತ್ತವೆ, ಹಳೆಯ ಕಬ್ಬಿಣದ ಶಾಯಿ ಬರಹಗಳ ಕಾಗದ ತೂತುಬಿದ್ದಿರುವುದು ಇದರಿಂದಲೇ. ತಿರುಳಿನಲ್ಲಿದ್ದ ಚಿಪ್ಪಿನ ಪುಡಿ ಆಮ್ಲವನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಕೊನೆಗೆ ಅರಗಿನ ಲೇಪ: 100 ಗ್ರಾಂ ಶೆಲ್ಯಾಕ್ ಚಕ್ಕೆ, 1 ಲೀಟರ್ ಸ್ಪಿರಿಟ್, ತೆಳುವಾಗಿ ಎರಡು ಸಲ. ಮುಖಕ್ಕೆ ಮಾತ್ರ ಹಚ್ಚಿದರೆ ಬೆನ್ನು ಮಾತ್ರ ತೇವ ಹೀರಿ ಫಲಕ ಬಾಗುತ್ತದೆ, ಆದ್ದರಿಂದ ಎರಡೂ ಕಡೆ ಹಚ್ಚಿದರು. ಬೆನ್ನಿಗೆ ಬಿದಿರಿನ ಪಟ್ಟಿಗಳ ಚೌಕಟ್ಟು ಸೇರಿ ಒಂದು ಫಲಕದ ತೂಕ 900 ಗ್ರಾಂ ಒಳಗೇ ಬಂತು. ಮೂರು ಫಲಕ ಒಂದು ಅಚ್ಚಿನವು, ಎರಡು ಇನ್ನೊಂದರವು. ಹತ್ತಿರ ನಿಂತು ನೋಡಿದರೆ ಎರಡು ಬಗೆಯ ಬಿರುಕುಗಳಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ, ಇದನ್ನು ಮೊದಲೇ ಹೇಳಿದ್ದರಿಂದ ತಕರಾರು ಬರಲಿಲ್ಲ. ಮೂಲ ತೊಗಟೆ ಲೋಳೆ ಒರೆಸಿಕೊಂಡು, ಜೇಡಿಮಣ್ಣು ಕಳೆದುಕೊಂಡು ಹಿಂತಿರುಗಿತು.

ಫಲಕಗಳನ್ನು ಗೋಡೆಯಿಂದ 2 ಸೆಂ.ಮೀ. ಬಿಟ್ಟು ತೂಗುಹಾಕಲು ಬೆನ್ನಿಗೆ ಬಿಲ್ಲೆಗಳನ್ನು ಅಂಟಿಸಿದ್ದರು. ಮೊದಲ ಮಳೆಗಾಲದಲ್ಲಿ ನಾಲ್ಕು ಫಲಕ ಸರಿಯಾಗಿದ್ದವು, ಒಂದರ ಬೆನ್ನಿಗೆ ಬೂಷ್ಟು ಬಂದಿತ್ತು. ಶುಚಿ ಮಾಡುವಾಗ ಅದರ ಕೆಳಗಿನ ಬಿಲ್ಲೆಗಳು ಉದುರಿ ಫಲಕ ತೇವದ ಗೋಡೆಗೆ ಒರಗಿತ್ತು. ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಮತ್ತೆ ಅರಗು ಹಚ್ಚಿ, ಈ ಸಲ ಬಿಲ್ಲೆಗಳನ್ನು ಬಿದಿರಿಗೆ ಕಟ್ಟಿದರು.

ಬೇರೆ ವಸ್ತುಗಳಿಗೆ ಹೇಗೆ

ಇದೇ ಕ್ರಮವನ್ನು ಗಟ್ಟಿ ಬೀಜಕವಚ, ಒಣ ಸೋರೆ, ಬೇರಿನ ಗಂಟುಗಳಿಗೆ ಹೆಚ್ಚು ಬದಲಾವಣೆಯಿಲ್ಲದೆ ಬಳಸಬಹುದು. ಸುತ್ತಲೂ ಆಕಾರವಿರುವುದರಿಂದ ಪ್ಲಾಸ್ಟರ್ ಅಚ್ಚು ಎರಡು ಅಥವಾ ಹೆಚ್ಚು ಭಾಗಗಳಲ್ಲಿ ಆಗಬೇಕು, ತಿರುಳನ್ನು ಭಾಗ ಭಾಗವಾಗಿ ಒತ್ತಿ ಒಣಗಿದ ಮೇಲೆ ಅಂಚುಗಳನ್ನು ಹೊಸ ತಿರುಳಿನಿಂದ ಬೆಸೆಯಬೇಕು. ಅಣಬೆ, ಹಣ್ಣು, ದಪ್ಪ ಎಲೆಗಳ ವಿಷಯದಲ್ಲಿ ಮೂಲವೇ ಗಂಟೆಗಳಲ್ಲಿ ಬಾಡುತ್ತದೆ, ಆಲ್ಜಿನೇಟಿನ ಭಾರಕ್ಕೆ ಅಣಬೆಯ ಟೋಪಿ ಬಗ್ಗುತ್ತದೆ. ಅಂಥವನ್ನು ತಲೆಕೆಳಗಾಗಿ ಹಿಡಿದು ಆಲ್ಜಿನೇಟ್ ತುಂಬಿದ ಪಾತ್ರೆಗೆ ಅದ್ದಬೇಕು, ಮೇಣವನ್ನು ಮೊದಲೇ ಕರಗಿಸಿ ಇಟ್ಟುಕೊಳ್ಳಬೇಕು. ಆಲ್ಜಿನೇಟ್ ಗಟ್ಟಿಯಾದ ಮೇಲೆ ಅದನ್ನು ಒಂದು ಬದಿಯಲ್ಲಿ ಮಾತ್ರ ಸೀಳಿ ಮೂಲವನ್ನು ತೆಗೆದು, ಸೀಳನ್ನು ಮುಚ್ಚಿ ಬಟ್ಟೆಯಿಂದ ಬಿಗಿದು, ಅಲ್ಲಿಯೇ ಮೇಣ ಹುಯ್ಯುವುದು. ಸೀಳಿನ ಗೆರೆ ಮೇಣದ ಮೇಲೆ ಬಂದೇ ಬರುತ್ತದೆ. ಅದನ್ನು ಎಲ್ಲಿ ಬೀಳಿಸಿದರೆ ತಿದ್ದಲು ಸುಲಭ ಎಂದು ಅದ್ದುವ ಮುಂಚೆಯೇ ನೋಡಿ ಗುರುತಿಟ್ಟುಕೊಳ್ಳಬೇಕು.